ಬಲಗಾಲು

ಆರು ವಾರ ಪ್ಲಾಸ್ಟರಿನೊಳಗಿದ್ದು ಹೊರಬಂದ ನನ್ನ ಬಲಗಾಲು ಬೇರೆ ಯಾರದೋ ಕಾಲಿನ ಹಾಗಿತ್ತು. ಬಡಕಲಾಗಿ, ಬಿಳುಚಿಕೊಂಡು, ಪಾದದ ಕೀಲು ತುಕ್ಕು ಹಿಡಿದ ಹಳೆ ಬಾಗಿಲಿನಂತೆ ಬಿಗಿದುಕೊಂಡಿತ್ತು. "ಪಾದ ಮುಂದಕ್ಕೆ ಒತ್ತಿ, ಹಿಂದಕ್ಕೆ ಎಳೆಯಿರಿ. ಸಲಕ್ಕೆ ಇಪ್ಪತ್ತು, ದಿನಕ್ಕೆ ನಾಲ್ಕು ಸಲ" ಅಂದರು ಫಿಸಿಯೋಥೆರಪಿಯವರು. ಎರಡು ದಿನ ನಿಷ್ಠೆಯಿಂದ ಮಾಡಿದೆ. ಮೂರನೇ ದಿನ ಎಣಿಕೆ ಹನ್ನೊಂದಕ್ಕೇ ಮುಗಿಯಿತು. ಗೋಡೆ ನೋಡಿಕೊಂಡು ಪಾದ ಆಡಿಸುವಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ.

ಅಕ್ಕನ ಮಗ ಓದಲು ಹೊರಡುವಾಗ ತನ್ನ ಸಾಮಾನಿನ ಒಂದು ರಟ್ಟಿನ ಪೆಟ್ಟಿಗೆಯನ್ನು ನನ್ನಲ್ಲಿ ಬಿಟ್ಟು ಹೋಗಿದ್ದ. ಒಳಗೆ ಜಾಯ್‌ಸ್ಟಿಕ್, ಎಂಜಿನ್ ವೇಗ ಏರಿಳಿಸುವ ಥ್ರಾಟಲ್, ಮತ್ತೆ ಒಂದು ಜೊತೆ ರಡ್ಡರ್ ಪೆಡಲ್ (ರಡ್ಡರ್ ಅಂದರೆ ಮೂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುವ, ವಿಮಾನದ ಬಾಲದ ಹಲಗೆ). ಫೋನಿನಲ್ಲಿ ನನ್ನ ಗೊಣಗಾಟ ಕೇಳಿ, "ಚಿಕ್ಕಮ್ಮ, ಆ ಪೆಡಲ್ ತುಳಿಯೋಕೆ ಶುರು ಮಾಡು. ಎಣಿಸೋದೇ ಬೇಡ" ಅಂದ. ಅವನ ಹಳೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಮೊದಲೇ ಇತ್ತು, 2020ರಲ್ಲಿ ಬಂದದ್ದು. ವಿಮಾನ ಆರಿಸಿದ್ದೂ ಅವನೇ: ಎಕ್ಸ್‌ಕಬ್. ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿರುವ ಕಬ್‌ಕ್ರಾಫ್ಟರ್ಸ್ ತಯಾರಿಸುವ ಎರಡು ಸೀಟಿನ ಬುಶ್ ಪ್ಲೇನ್, ಅಂದರೆ ಕಾಡುಮೇಡಿನಲ್ಲಿ ಇಳಿಯುವ ವಿಮಾನ. ಒಂದರ ಹಿಂದೆ ಒಂದು ಸೀಟು, ತಲೆಯ ಮೇಲೆ ರೆಕ್ಕೆ, ಮುಂದೆ ಎರಡು ದೊಡ್ಡ ಚಕ್ರ, ಬಾಲದ ಕೆಳಗೆ ಒಂದು ಪುಟ್ಟ ಚಕ್ರ.

"ಪ್ರಯಾಣಿಕರ ವಿಮಾನ ಇಲ್ಲವೇನೋ, ದೊಡ್ಡದು?" ಅಂದೆ.

"ಅದರಲ್ಲಿ ಕಾಲಿಗೆ ಅಷ್ಟು ಕೆಲಸ ಇರಲ್ಲ."

ಅವನು ಹೇಳಿದ್ದು ಎಷ್ಟು ನಿಜ ಅಂತ ತಿಳಿಯಲು ಹತ್ತು ಸೆಕೆಂಡು ಸಾಕಾಯಿತು. ಥ್ರಾಟಲ್ ಮುಂದಕ್ಕೆ ತಳ್ಳಿದೆ. ವಿಮಾನ ಯಾರೋ ಎಡಗಿವಿ ಹಿಡಿದು ಎಳೆದ ಹಾಗೆ ಎಡಕ್ಕೆ ಹೊರಟಿತು. ಗಾಬರಿಯಲ್ಲಿ ಬಲಗಾಲನ್ನು ಪೂರಾ ಊರಿದೆ. ಅದು ಇಪ್ಪತ್ತು ವರ್ಷ ಕಾರು ಓಡಿಸಿದ ಕಾಲು, ಗಾಬರಿಯಾದರೆ ಅದಕ್ಕೆ ಬ್ರೇಕ್ ಬಿಟ್ಟು ಬೇರೇನೂ ಗೊತ್ತಿಲ್ಲ. ಈ ಪೆಡಲ್‌ಗಳಲ್ಲಿ ಕೆಳಭಾಗ ಒತ್ತಿದರೆ ರಡ್ಡರ್, ಮೇಲ್ಭಾಗವನ್ನು ಬೆರಳುಗಳಿಂದ ಒತ್ತಿದರೆ ಆ ಬದಿಯ ಚಕ್ರದ ಬ್ರೇಕ್. ಎರಡೂ ಒಟ್ಟಿಗೆ ಬಿದ್ದವು. ಎಡಕ್ಕೆ ಹೋಗುತ್ತಿದ್ದ ವಿಮಾನ ಗಿರಕ್ಕನೆ ಬಲಕ್ಕೆ ಸುತ್ತಿ, ಎಡರೆಕ್ಕೆಯ ತುದಿ ನೆಲಕ್ಕೆ ಬಡಿದು, ಪರದೆ ಕಪ್ಪಾಯಿತು. ಇನ್ನೂ ನೆಲ ಬಿಟ್ಟೇ ಇರಲಿಲ್ಲ.

"ಹಿಮ್ಮಡಿ ನೆಲದ ಮೇಲಿರಲಿ ಚಿಕ್ಕಮ್ಮ. ಬೆರಳು ಮೇಲಕ್ಕೆ ಹೋಗಬಾರದು." ಆ ಒಂದು ವಾಕ್ಯಕ್ಕೆ ನಾಲ್ಕು ದಿನ ಹಿಡಿಯಿತು.

ಈ ಎಡಗಿವಿ ಎಳೆಯುವ ವಿಷಯ ನನಗೆ ಬಹಳ ಹಿಡಿಸಿತು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಳೆಯುವವರು ಒಬ್ಬರಲ್ಲ, ನಾಲ್ವರು. ನಮ್ಮ ಸೀಟಿನಿಂದ ನೋಡಿದರೆ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಅದರ ಪ್ರತಿಕ್ರಿಯೆಯಾಗಿ ವಿಮಾನದ ಮೈ ಎಡಕ್ಕೆ ತಿರುಚಿಕೊಂಡು ಎಡಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಪ್ರೊಪೆಲ್ಲರ್ ಹಿಂದಕ್ಕೆ ತಳ್ಳಿದ ಗಾಳಿ ನೇರ ಹೋಗದೆ ಮೈಸುತ್ತ ಸುರುಳಿಯಾಗಿ ಬಂದು ಬಾಲದ ಎಡಮಗ್ಗುಲಿಗೆ ಹೊಡೆಯುತ್ತದೆ. ಬಾಲ ಬಲಕ್ಕೆ, ಮೂಗು ಎಡಕ್ಕೆ. ಬಾಲ ನೆಲಕ್ಕಂಟಿ ಮೂಗು ಮೇಲಿರುವಾಗ, ಕೆಳಗಿಳಿಯುವ ಬಲಬದಿಯ ಅಲಗು ಗಾಳಿಯನ್ನು ಹೆಚ್ಚು ಕಚ್ಚುತ್ತದೆ, ಆಗಲೂ ಮೂಗು ಎಡಕ್ಕೆ. ಕಡೆಗೆ ಬಾಲ ಎತ್ತಿದ ಗಳಿಗೆಯಲ್ಲಿ ತಿರುಗುವ ಪ್ರೊಪೆಲ್ಲರ್ ಬುಗುರಿಯ ಬುದ್ಧಿ ತೋರಿಸುತ್ತದೆ: ಮುಂದಕ್ಕೆ ಬಾಗಿಸಿದರೆ ಪಕ್ಕಕ್ಕೆ ಹೊರಳುತ್ತದೆ. ಯಾವ ಪಕ್ಕ? ಎಡವೇ. ನಾಲ್ವರಲ್ಲಿ ಒಬ್ಬರಾದರೂ ಬಲಕ್ಕೆ ಎಳೆಯಬಾರದೇ! ಹಾಗಾಗಿ ಏರುವಾಗಿನ ಲೆಕ್ಕವೆಲ್ಲ ಬಲಗಾಲಿನ ಖಾತೆಗೆ. ಅದೂ ಒಂದೇ ಸಮ ಒತ್ತಿ ಹಿಡಿದರೆ ಆಗದು. ಥ್ರಾಟಲ್ ಜೊತೆ ಹೆಚ್ಚಬೇಕು, ಬಾಲ ಏಳುವಾಗ ಇನ್ನೊಂದು ಚೂರು, ವೇಗ ಬಂದು ರಡ್ಡರ್‌ಗೆ ಹಿಡಿತ ಸಿಕ್ಕಿದ ಮೇಲೆ ಸಡಿಲ.

ಒಂದು ವಾರದಲ್ಲಿ ರನ್‌ವೇ ಬಿಡದೆ ಏರುವುದು ಬಂತು. ಫಿಸಿಯೋಥೆರಪಿಯವರು ಪಾದ ಹಿಡಿದು ಬಾಗಿಸಿ ನೋಡಿ, "ಪರವಾಗಿಲ್ಲ, ಮಾಡ್ತಾ ಇದ್ದೀರಿ" ಅಂದರು. ಏನು ಮಾಡ್ತಾ ಇದ್ದೇನೆ ಅಂತ ನಾನು ಹೇಳಲಿಲ್ಲ.

ಗಾಳಿಯಲ್ಲಿ ಇದು ಎಷ್ಟು ಸಾಧುವಾದ ವಿಮಾನ ಅಂದರೆ, ಕೈ ಬಿಟ್ಟರೂ ತನ್ನಷ್ಟಕ್ಕೆ ತಾನು ಹೋಗುತ್ತಿರುತ್ತದೆ. ತೊಂದರೆ ನೆಲದಲ್ಲಿ. ಭಾರದ ಕೇಂದ್ರ ಮುಂದಿನ ಎರಡು ಚಕ್ರಗಳಿಗಿಂತ ಹಿಂದೆ ಇದೆ. ಮೂಗಿನಡಿ ಚಕ್ರವಿರುವ ವಿಮಾನದಲ್ಲಿ ಭಾರ ಮುಂದೆ, ಸ್ವಲ್ಪ ಓರೆಯಾದರೆ ತಾನೇ ನೆಟ್ಟಗಾಗುತ್ತದೆ. ಬಾಲಚಕ್ರದ ವಿಮಾನ ಸ್ವಲ್ಪ ಓರೆಯಾಯಿತೋ, ಹಿಂದಿನ ಭಾರ ಮುಂದಿನ ಚಕ್ರಗಳನ್ನು ದಾಟಿ ತಾನೇ ಮೊದಲು ಹೋಗಲು ನೋಡುತ್ತದೆ. ಮೊದಲ ಎರಡು ಡಿಗ್ರಿಯಲ್ಲಿ ಹಿಡಿದರೆ ಹಿಡಿದೆವು. ಹತ್ತು ಡಿಗ್ರಿ ಆದಮೇಲೆ ಸುತ್ತುವುದನ್ನು ನೋಡುತ್ತ ಕೂರಬೇಕು. ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ. ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಇಳಿಕೆಯ ಮುಂದೆ ಒಂದು ಗುರುತು ಹಾಕುತ್ತೇನೆ: ಟಿಕ್, ತಪ್ಪು, ಅಥವಾ ಸುರುಳಿ. ಮೊದಲ ನಲವತ್ತರಲ್ಲಿ ಹದಿನೇಳು ಸುರುಳಿ. ಹೆಚ್ಚಿನವು ಚಕ್ರ ನೆಲ ಮುಟ್ಟಿ, "ಅಬ್ಬ, ಇಳಿದೆ" ಅಂತ ಕಾಲು ಸಡಿಲ ಬಿಟ್ಟಮೇಲೆ ಆದವು. ಒಂದಂತೂ ನಡೆಯುವಷ್ಟು ನಿಧಾನದಲ್ಲಿ, ಲೋಟ ಎತ್ತಿ ನೀರು ಕುಡಿಯುತ್ತಿದ್ದಾಗ.

ಈ ಕಷ್ಟ ಇಷ್ಟೆಲ್ಲ ಇದ್ದೂ ಕಾಡಿನಲ್ಲಿ ಇಳಿಯುವವರು ಬಾಲಚಕ್ರವನ್ನೇ ಯಾಕೆ ಹಿಡಿದುಕೊಂಡಿದ್ದಾರೆ? ಮೂಗಿನ ಚಕ್ರ ಗುಂಡಿಗೆ ಇಳಿದರೆ ಮುರಿಯುತ್ತದೆ, ಪ್ರೊಪೆಲ್ಲರ್ ಕಲ್ಲಿಗೆ ಬಡಿಯುತ್ತದೆ. ಬಾಲಚಕ್ರದ ವಿಮಾನದಲ್ಲಿ ಮೂಗು ಆಕಾಶ ನೋಡುತ್ತಿರುತ್ತದೆ, ಪ್ರೊಪೆಲ್ಲರಿಗೂ ನೆಲಕ್ಕೂ ದೂರ ಹೆಚ್ಚು. ಮುಂದಿನ ಚಕ್ರಗಳಿಗೆ 31 ಇಂಚಿನ ಮೆತ್ತನೆ ಟೈರು ಹಾಕಿದರೆ ನದಿದಂಡೆಯ ಉರುಟು ಕಲ್ಲುಗಳನ್ನು ನುಂಗಿಕೊಂಡು ಹೋಗುತ್ತದೆ. ಅಲಾಸ್ಕದಲ್ಲಿ ಈ ಕಸುಬು ಬಹಳ ಹಳೆಯದು. ಕಾರ್ಲ್ ಬೆನ್ ಐಲ್ಸನ್ 1924ರ ಫೆಬ್ರವರಿಯಲ್ಲಿ ಫೇರ್‌ಬ್ಯಾಂಕ್ಸ್‌ನಿಂದ ಮೆಕ್‌ಗ್ರಾತ್‌ಗೆ ಅಂಚೆ ಹೊತ್ತು ಹಾರಿದ. ನಾಯಿಬಂಡಿ ವಾರಗಟ್ಟಲೆ ತೆಗೆದುಕೊಳ್ಳುತ್ತಿದ್ದ ದಾರಿಯನ್ನು ಮೂರು ಗಂಟೆಯೊಳಗೆ ಮುಗಿಸಿದ. ಆದರೂ ಅಂಚೆ ಇಲಾಖೆ ಕೆಲವೇ ತಿಂಗಳಲ್ಲಿ ಆ ಒಪ್ಪಂದ ನಿಲ್ಲಿಸಿಬಿಟ್ಟಿತು. ಇಳಿಯುವಾಗ ವಿಮಾನಕ್ಕೆ ಪದೇ ಪದೇ ಪೆಟ್ಟಾಗುತ್ತಿತ್ತಂತೆ. ಇದನ್ನು ಓದಿದ ದಿನ ನನಗೆ ಎಷ್ಟು ಸಮಾಧಾನವಾಯಿತು ಅಂತ ಹೇಳಲಾರೆ.

ಇಳಿಯುವುದಕ್ಕೇ ಬರುತ್ತೇನೆ. ಮೂಗು ಎತ್ತಿದರೆ ವಿಮಾನ ಏರುತ್ತದೆ, ತಗ್ಗಿಸಿದರೆ ಇಳಿಯುತ್ತದೆ ಅಂತ ನಾನೂ ತಿಳಿದಿದ್ದೆ. ನಿಧಾನವಾಗಿ ಹಾರುವಾಗ ಇದು ತಲೆಕೆಳಗು. ಗಂಟೆಗೆ 50 ಮೈಲಿಯಲ್ಲಿ ತೂಗಾಡುತ್ತಿರುವಾಗ ರನ್‌ವೇ ಸಿಗುವುದಿಲ್ಲ ಅನ್ನಿಸಿ ಕಡ್ಡಿ (ಜಾಯ್‌ಸ್ಟಿಕ್) ಎಳೆದು ಮೂಗು ಎತ್ತಿದರೆ, ವಿಮಾನ ಇನ್ನೂ ನಿಧಾನವಾಗಿ, ಇನ್ನೂ ಬೇಗ ಕೆಳಗೆ ಕೂರುತ್ತದೆ. ವೇಗಕ್ಕೆ ಕಡ್ಡಿ, ಎತ್ತರಕ್ಕೆ ಥ್ರಾಟಲ್. ಇದನ್ನು ಒಂದು ಚೀಟಿಯಲ್ಲಿ ಬರೆದು ಪರದೆಯ ಕೆಳಗೆ ಅಂಟಿಸಿದೆ; ಅಂಟಿಸಿದ ಮೇಲೂ ಹದಿನೈದು ಸಲ ಮರಗಳ ಮೇಲೆ ಇಳಿದೆ.

ವೇಗ ಜಾಸ್ತಿ ಇದ್ದರೆ ಕ್ಷೇಮ ಅಂದುಕೊಳ್ಳುವುದೂ ತಪ್ಪೇ. 60ರ ಬದಲು 70 ಮೈಲಿಯಲ್ಲಿ ಬಂದರೆ ಹತ್ತೇ ಹೆಚ್ಚಲ್ಲವೇ ಅನ್ನಿಸುತ್ತದೆ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಕರಗಿಸಬೇಕಾದದ್ದು ಶೇಕಡಾ 36 ಹೆಚ್ಚು. ರೆಕ್ಕೆ ನೆಲದ ಹತ್ತಿರ ಬಂದಾಗ ಅದರಡಿ ಗಾಳಿಯ ದಿಂಬು ಬೇರೆ. ವಿಮಾನ ಇಳಿಯದೆ ತೇಲುತ್ತದೆ, ತೇಲುತ್ತಲೇ ಇರುತ್ತದೆ, ರನ್‌ವೇ ಮುಗಿಯುತ್ತದೆ. ಆಗ ಸಿಟ್ಟು ಬಂದು ಕಡ್ಡಿಯನ್ನು ಮುಂದೆ ತಳ್ಳಿದರೆ ಚಕ್ರ ಬಡಿದು ಚೆಂಡಿನ ಹಾಗೆ ಪುಟಿಯುತ್ತದೆ, ಎರಡನೇ ಪುಟಿತ ಮೊದಲನೆಯದಕ್ಕಿಂತ ಎತ್ತರ.

"ಇಳಿಸೋಕೆ ಹೋಗಬೇಡ ಚಿಕ್ಕಮ್ಮ" ಅಂದ ಹುಡುಗ. "ನೆಲದಿಂದ ಎರಡಡಿ ಮೇಲೆ, ಇಳೀದೇ ಇರೋ ಹಾಗೆ ಹಿಡ್ಕೊಂಡಿರು. ಕಡ್ಡಿ ಹಿಂದೆ, ಹಿಂದೆ, ಇನ್ನೂ ಹಿಂದೆ. ಅದಕ್ಕೆ ಹಾರೋಕೆ ಆಗದೇ ಇದ್ದಾಗ ತಾನೇ ಕೂರುತ್ತೆ."

ಕೂತಿತು. ಐವತ್ಮೂರನೇ ಇಳಿಕೆ, ಮೂರು ಚಕ್ರವೂ ಒಟ್ಟಿಗೆ, ಸದ್ದೇ ಇಲ್ಲ. ಖುಷಿಯಲ್ಲಿ ಕೈ ಎತ್ತಿದೆ. ಆಮೇಲೆ ಸುರುಳಿ.

ಎರಡಡಿ ಅಂತ ಗೊತ್ತಾಗುವುದು ಹೇಗೆ, ಅದು ಬೇರೆ ಕತೆ. ಇಳಿಯುವಾಗ ಮೂಗು ಎದ್ದು ಮುಂದಿನದೇನೂ ಕಾಣುವುದಿಲ್ಲ. ನಿಜವಾದ ವಿಮಾನದಲ್ಲಿ ಕೂತವರಿಗೆ ಕಣ್ಣಂಚಿನಲ್ಲಿ ಎರಡೂ ಬದಿಯ ಹುಲ್ಲು ಏಳುತ್ತ ಬರುವುದು ಕಾಣುತ್ತದೆ, ಸೊಂಟಕ್ಕೆ ಕುಸಿತ ತಿಳಿಯುತ್ತದೆ. ನನ್ನೆದುರು ಇರುವುದು ಒಂದು ಕಿಟಕಿಯಷ್ಟು ಪರದೆ, ಕೆಳಗಿರುವುದು ಮರದ ಕುರ್ಚಿ. ಕುರ್ಚಿ ಏನೂ ಹೇಳುವುದಿಲ್ಲ. ವಿಮಾನ ಪಕ್ಕಕ್ಕೆ ಜಾರುತ್ತಿದೆಯೋ ಅಂತ ನೋಡಲೂ ಕಣ್ಣೇ ಬೇಕು: ಹಳೆಯ ವಿಮಾನಗಳಲ್ಲಿ ಬಾಗಿದ ಗಾಜಿನ ನಳಿಗೆಯೊಳಗೆ ಒಂದು ಕರಿ ಗುಂಡು ಇರುತ್ತದೆ, ಗುಂಡು ಸರಿದ ಕಡೆಯ ಕಾಲು ಒತ್ತಬೇಕು. ಹುಡುಗ ಓಪನ್‌ಟ್ರ್ಯಾಕ್ ಅನ್ನುವ ಉಚಿತ ತಂತ್ರಾಂಶ ಹಾಕಿಸಿದ. ವೆಬ್‌ಕ್ಯಾಮ್ ನನ್ನ ತಲೆ ನೋಡುತ್ತದೆ, ನಾನು ಬಗ್ಗಿದರೆ ಪರದೆಯ ಒಳಗಿನ ನೋಟವೂ ಬಗ್ಗುತ್ತದೆ. ಪಕ್ಕದ ಕಿಟಕಿಯಿಂದ ಇಣುಕಿ ಚಕ್ರ ನೋಡಿದ ದಿನ ನಿಜಕ್ಕೂ ಮೈ ಜುಂ ಅಂದಿತು. ಸೀನಿದರೆ ಮಾತ್ರ ಲೋಕವೇ ಒಂದು ಸಲ ಮೇಲೆ ಕೆಳಗೆ ಆಗಿ ಬರುತ್ತದೆ.

ನಡುವೆ ಒಂದು ವಿಷಯ. ಹಾರದೆ ಹಾರುವುದನ್ನು ಕಲಿಸುವ ಯಂತ್ರವನ್ನು ಮಾಡಿ ಮಾರುಕಟ್ಟೆಗೆ ತಂದ ಎಡ್ವಿನ್ ಲಿಂಕ್ ಆರ್ಗನ್ ವಾದ್ಯ ತಯಾರಿಸುವ ಮನೆತನದವನು. 1929ರಲ್ಲಿ ಅವನು ಮಾಡಿದ ಪುಟ್ಟ ಪೆಟ್ಟಿಗೆ ವಿಮಾನವನ್ನು ವಾಲಿಸುತ್ತಿದ್ದದ್ದು ಆರ್ಗನ್ನಿನ ತಿದಿಗಳೇ: ಗಾಳಿ ತುಂಬಿದರೆ ಎದ್ದು, ತೆಗೆದರೆ ಕುಸಿದು. ಮೊದಮೊದಲು ಅದನ್ನು ಕೊಂಡವರು ಜಾತ್ರೆಯಂಥ ಮನರಂಜನೆಯ ಜಾಗದವರು. 1934ರಲ್ಲಿ ಅಂಚೆ ಸಾಗಿಸಲು ಹೋದ ಅಮೆರಿಕದ ಸೇನಾ ವಿಮಾನಿಗಳು ಕೆಟ್ಟ ಹವೆಯಲ್ಲಿ ಸಾಲುಸಾಲಾಗಿ ಸತ್ತ ಮೇಲೆ ಸೇನೆ ಅತ್ತ ತಿರುಗಿ ನೋಡಿತು. ಅವನ ಪೆಟ್ಟಿಗೆಯಲ್ಲಿ ಕೂತವರಿಗೆ ಸೊಂಟಕ್ಕಾದರೂ ಏನೋ ತಿಳಿಯುತ್ತಿತ್ತು. ನನ್ನ ಮರದ ಕುರ್ಚಿಗೆ ತಿದಿ ಕಟ್ಟುವ ಯೋಚನೆ ಒಂದು ರಾತ್ರಿ ಬಂದು ಹೋಯಿತು.

ಕಾಲು ಚುರುಕಾದ ಮೇಲೆ ಒಂದು ಸಂಜೆ ಆದದ್ದನ್ನು ಬರೆಯಲೇಬೇಕು. ಎಡಕ್ಕೆ ತಿರುಗಿ ರನ್‌ವೇಗೆ ನೇರವಾಗಬೇಕಿತ್ತು, ತಿರುವು ತಡವಾಗಿ ದಾಟಿಹೋಗುತ್ತಿದ್ದೆ. 300 ಅಡಿ ಎತ್ತರ. ಜಾಸ್ತಿ ವಾಲಿಸಲು ಹೆದರಿಕೆ. ಕಾಲು ಇದೆಯಲ್ಲ, ಈಗ ಪಳಗಿದೆಯಲ್ಲ ಅಂತ ಎಡ ಪೆಡಲ್ ಒತ್ತಿ ಮೂಗನ್ನು ಎಳೆದು ತಂದೆ. ಮೂಗು ತಗ್ಗಿತು, ಕಡ್ಡಿ ಎಳೆದೆ. ಒಳಗಿನ ರೆಕ್ಕೆ ಹೊರಗಿನದಕ್ಕಿಂತ ನಿಧಾನ ಸಾಗುತ್ತಿರುತ್ತದೆ, ಗಾಳಿಯ ಹಿಡಿತ ತಪ್ಪಿ ಮೊದಲು ಸೋಲುವುದು ಅದೇ. ಎಡರೆಕ್ಕೆ ನೆಲ ಕುಸಿದ ಹಾಗೆ ಕೆಳಗೆ ಹೋಯಿತು. ಹಸಿರು, ಆಕಾಶ, ಹಸಿರು. ಎಣಿಸಿದರೆ ಮೂರು ಸೆಕೆಂಡೂ ಇರಲಿಲ್ಲ.

ಫೋನಿನಲ್ಲಿದ್ದ ಹುಡುಗ ನಗಲಿಲ್ಲ. "ಇದು ಚಿಕ್ಕಮ್ಮ" ಅಂದ, "ನಿಜವಾಗಲೂ ಜನ ಸಾಯೋದು ಹೀಗೇ." ಆ ದಿನ ಇನ್ನೊಂದು ಸಲ ಹಾರಲಿಲ್ಲ. ನೋಟ್‌ಬುಕ್ಕಿನಲ್ಲಿ ಮೂರು ಗುರುತಿನಲ್ಲಿ ಯಾವುದೂ ಹೊಂದದೆ ಒಂದು ಗೆರೆ ಎಳೆದು ಬಿಟ್ಟೆ. ಅಂದಿನಿಂದ ತಿರುವು ದಾಟಿತೋ, ಥ್ರಾಟಲ್ ಪೂರ್ತಿ ಮುಂದೆ, ಮತ್ತೆ ಒಂದು ಸುತ್ತು. ಹೀಗೆ ಬಿಟ್ಟು ಏರಿದ್ದಕ್ಕೂ ಟಿಕ್ ಹಾಕುತ್ತೇನೆ. ಹುಡುಗನಿಗೆ ಅದು ಮೋಸ ಅನ್ನಿಸುತ್ತದೆ. ನೋಟ್‌ಬುಕ್ ನನ್ನದು.

ಬೆಟ್ಟದ ಪಾಠ ಅಮೆರಿಕದ ಐಡಹೋ ರಾಜ್ಯದ ಜಾನ್ಸನ್ ಕ್ರೀಕ್‌ನಲ್ಲಿ. ಕಣಿವೆಯ ತಳದಲ್ಲಿ ಹುಲ್ಲಿನ ಪಟ್ಟಿ, 3,400 ಅಡಿ ಉದ್ದ, ಸಮುದ್ರ ಮಟ್ಟದಿಂದ 4,900 ಅಡಿಗೂ ಮೇಲೆ. ಇಷ್ಟುದ್ದ ಇದ್ದರೆ ಕಬ್ ಎರಡು ಸಲ ಏರಬಹುದು ಅಂತ ಉಡಾಫೆ ಮಾಡಿ, ಹವೆಯನ್ನು 30 ಡಿಗ್ರಿಗೆ ಇಟ್ಟು, ಟ್ಯಾಂಕ್ ತುಂಬಿಸಿ, ಹಿಂದಿನ ಸೀಟಿಗೂ ಭಾರ ಹಾಕಿ ಹೊರಟೆ. ಬಿಸಿಗಾಳಿ ತೆಳು. ಆ ಎತ್ತರದಲ್ಲಿ ಅಷ್ಟು ಸೆಕೆ ಇದ್ದರೆ ರೆಕ್ಕೆಗೂ ಎಂಜಿನ್‌ಗೂ ತಾವು ಸುಮಾರು 7,900 ಅಡಿಯಲ್ಲಿದ್ದೇವೆ ಅನ್ನಿಸುತ್ತದೆ. ವೇಗದ ಅಂಕಿ 60 ತೋರಿಸುವಾಗ ವಿಮಾನ ನಿಜಕ್ಕೂ 67ರ ಮೇಲೆ ಓಡುತ್ತಿರುತ್ತದೆ, ಹುಲ್ಲು ಅಷ್ಟು ಹೆಚ್ಚು ಬೇಕು. ಸಾಲದ್ದಕ್ಕೆ ಎಂಜಿನ್ನಿಗೆ ಹೋಗುವ ಪೆಟ್ರೋಲ್ ಹದಗೊಳಿಸುವ ಕೆಂಪು ಗುಂಡಿಯನ್ನು ಸಮುದ್ರ ಮಟ್ಟದಲ್ಲಿ ಇಡುವ ಹಾಗೆ ಪೂರ್ತಿ ಒಳಗಿಟ್ಟಿದ್ದೆ. ತೆಳು ಗಾಳಿಗೆ ಪೆಟ್ರೋಲ್ ಜಾಸ್ತಿಯಾಗಿ ಎಂಜಿನ್ ಸೋಮಾರಿಯಾಗಿತ್ತು. ಹಾರಿದ್ದೇನೋ ಹಾರಿತು. ಏರಲಿಲ್ಲ. ಕಣಿವೆಯ ನೆಲ ನನಗಿಂತ ಬೇಗ ಏರುತ್ತಿತ್ತು.

ಅಲ್ಲಿ ಕಲಿತ ಲೆಕ್ಕ ಇಷ್ಟು. ಕಣಿವೆಯ ಮಧ್ಯದಲ್ಲಿ ಹಾರಬಾರದು. ಒಂದು ಬದಿಗೆ ಒತ್ತರಿಸಿಕೊಂಡು ಹೋದರೆ ಹಿಂದಕ್ಕೆ ತಿರುಗಲು ಇಡೀ ಅಗಲ ಸಿಗುತ್ತದೆ, ಮಧ್ಯದಲ್ಲಿದ್ದರೆ ಅರ್ಧ. 45 ಡಿಗ್ರಿ ವಾಲಿಸಿ 80 ಮೈಲಿ ವೇಗದಲ್ಲಿ ತಿರುಗಲು ಸುಮಾರು 260 ಮೀಟರ್ ಅಗಲ ಸಾಕು. 100 ಮೈಲಿಯಾದರೆ 400 ಮೀಟರ್ ದಾಟುತ್ತದೆ. ಬೆಟ್ಟ ಎದುರು ಬಂದಾಗ ವೇಗ ಹೆಚ್ಚಿಸಿ ಓಡಿಹೋಗಬೇಕು ಅನ್ನಿಸುವುದು ಸಹಜ, ಮಾಡಬೇಕಾದದ್ದು ನಿಧಾನ. ತಿರುವು ಮೊದಲೇ, ಇನ್ನೂ ಬೇಡ ಅನ್ನಿಸುವಾಗಲೇ. ಎದುರಿನ ಸಂದು ದಾಟಿದರೆ ಏನಿದೆಯೋ ನೋಡೋಣ ಅಂತ ಹೋಗಿ ಮೂರು ಸಲ ಅದೇ ಮರಗಳನ್ನು ಭೇಟಿ ಮಾಡಿದ್ದೇನೆ.

ಲುಕ್ಲಾಕ್ಕೆ ಹೋಗು ಅಂತ ಹುಡುಗ ತಿಂಗಳಿನಿಂದ ಪೀಡಿಸುತ್ತಿದ್ದಾನೆ. ನೇಪಾಳದ ಆ ವಿಮಾನ ನಿಲ್ದಾಣ 2,845 ಮೀಟರ್ ಎತ್ತರದಲ್ಲಿ, ರನ್‌ವೇ 527 ಮೀಟರ್, ಅದೂ ಸುಮಾರು ಶೇಕಡಾ 12ರ ಏರು. ಒಂದು ಸಲ ಹೋಗಿ ನೋಡಿದೆ. ಏರು ರನ್‌ವೇ ಕಣ್ಣಿಗೆ ಮೋಸ ಮಾಡುತ್ತದೆ: ನಾವು ತುಂಬ ಎತ್ತರದಲ್ಲಿದ್ದೇವೆ ಅನ್ನಿಸಿ ಕೆಳಗಿಳಿಯುತ್ತ ಬರುತ್ತೇವೆ. ಗೊತ್ತಿದ್ದೂ ಇಳಿದೆ. ರನ್‌ವೇಯ ಅಂಚು ಕಣ್ಣಿನ ಮಟ್ಟಕ್ಕೆ ಬಂತು, ಆಮೇಲೆ ಮೇಲಕ್ಕೆ ಹೋಯಿತು. ಅಲ್ಲಿ ಬಿಟ್ಟು ಏರುವ ಮಾತೇ ಇಲ್ಲ, ರನ್‌ವೇಯ ಹಿಂದೆಯೇ ಬೆಟ್ಟ. ಇನ್ನೊಂದು ವರ್ಷ ಆ ಕಡೆ ತಲೆ ಹಾಕುವುದಿಲ್ಲ ಅಂತ ಹೇಳಿಬಿಟ್ಟಿದ್ದೇನೆ.

ಈಗ ದಿನಕ್ಕೆ ನಲವತ್ತು ನಿಮಿಷ, ಅಲಾಸ್ಕದ ಟಾಕೀಟ್ನಾದಿಂದ ಹೊರಟು ನದಿದಂಡೆಯ ಕಲ್ಲುಹಾಸುಗಳನ್ನು ಹುಡುಕುತ್ತ ಹೋಗುತ್ತೇನೆ. ಮೊದಲು ಎತ್ತರದಿಂದ ಒಂದು ಸುತ್ತು, ಆಮೇಲೆ ತಗ್ಗಿನಲ್ಲಿ ಒಂದು ಸುತ್ತು: ಕೊಂಬೆ ಬಿದ್ದಿದೆಯೇ, ನೀರು ನುಗ್ಗಿದೆಯೇ, ತಿರುಗಿ ಏರಲು ಜಾಗ ಇದೆಯೇ. ಪರದೆಯ ಕಲ್ಲಿಗೆ ನನ್ನ ಟೈರು ಹರಿಯುವ ಶಕ್ತಿ ಇಲ್ಲ ಅಂತ ಗೊತ್ತು, ಆದರೂ ನೋಡದೆ ಇಳಿಯುವುದಿಲ್ಲ. ನೂರೆಂಬತ್ತು ಇಳಿಕೆ ದಾಟಿದೆ. ಕಳೆದ ಮೂವತ್ತರಲ್ಲಿ ಎರಡೇ ಸುರುಳಿ.

ಕಡೆಯ ಭೇಟಿಯಲ್ಲಿ ಫಿಸಿಯೋಥೆರಪಿಯವರು ಎರಡೂ ಪಾದಗಳನ್ನು ಅಕ್ಕಪಕ್ಕ ಇಟ್ಟು ಒತ್ತಿಸಿ ನೋಡಿದರು. ಬಲಗಾಲು ಎಡಗಾಲನ್ನು ಮೀರಿಸಿತ್ತು. "ಏನು ವ್ಯಾಯಾಮ ಮಾಡಿದಿರಿ?" ಅಂದರು, ಈ ಸಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಡಗಾಲನ್ನೂ ಸ್ವಲ್ಪ ನೋಡಿಕೊಳ್ಳಿ" ಅಂದರು.

ಹುಡುಗನನ್ನು ಕೇಳಿದೆ. ಬಲಗಡೆಯಿಂದ ಅಡ್ಡಗಾಳಿ ಹಾಕಿಕೋ ಅಂದ: ಗಾಳಿ ಬಾಲವನ್ನು ತಳ್ಳಿ ಮೂಗನ್ನು ಬಲಕ್ಕೆ ತಿರುಗಿಸುತ್ತದೆ, ನೆಟ್ಟಗಿಡಲು ಎಡಗಾಲು ದುಡಿಯಬೇಕು. ನಿನ್ನೆ ಹತ್ತು ನಾಟ್ ವೇಗದ ಗಾಳಿ ಇಟ್ಟು ಐದು ಸಲ ಇಳಿದೆ. ಎರಡು ಟಿಕ್, ಮೂರು ಸುರುಳಿ.